ಪುಣೆಯ ಕನ್ನಡ ಸಂಘಕ್ಕೆ ದೇಣಿಗೆ ಕೊಡುವ ಮುನ್ನ

ಪುಣೆ, ಮುಂಬಯಿಗಳ ಕನ್ನಡ ಸಂಘಗಳು ಹೇಗೆ ನಡೆಯುತ್ತವೆ, ಅವುಗಳಿಗೆ ಕರ್ನಾಟಕ ಸರ್ಕಾರ ಹಣ ಕೊಡುವುದಿಲ್ಲವೇ, ಬೆಂಗಳೂರಿನಲ್ಲಿ ಕುಳಿತು ದೇಣಿಗೆ ಕಳಿಸಿದರೆ ಅದು ಸರಿಯಾದ ಕೆಲಸಕ್ಕೆ ಸಲ್ಲುತ್ತದೆಯೇ ಎಂದು ನೀವು ಕೇಳಿದ್ದೀರಿ. ನಾನು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಬದುಕು ನಮಗೆ ಹುಟ್ಟಿನಿಂದಲೇ ರೂಢಿ. ಕೆಲಸಕ್ಕಾಗಿ ಪುಣೆಗೆ ಬಂದ ಮೇಲೆ ಇಲ್ಲಿನ ಕೆಲವು ಚಿಕ್ಕ ಸಂಘಗಳ ಲೆಕ್ಕಪತ್ರ ಬರೆದುಕೊಡುತ್ತ ಬಂದಿದ್ದೇನೆ. ಆ ಅನುಭವದಿಂದ ನಿಮ್ಮ ಪ್ರಶ್ನೆಗೆ ಕೊಡಬಹುದಾದ ಉತ್ತರವೆಂದರೆ, ನಮ್ಮ ಸಂಘಗಳು ಸೊರಗುವುದು ಕಾರ್ಯಕ್ರಮಕ್ಕೆ ಹಣವಿಲ್ಲದೆ ಅಲ್ಲ. ಆಡಳಿತದ ಕಾಗದಪತ್ರ ಸರಿಯಾಗಿಡಲು ಯಾರೂ ಹಣ ಕೊಡದಿರುವುದರಿಂದ.

ಮುಂಬಯಿಯ ಹಳೆಯ ಸಂಸ್ಥೆಗಳ ಮಾತು ಬೇರೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ ಇವೆಲ್ಲ ಸ್ವಂತ ಕಟ್ಟಡ ಕಟ್ಟಿಕೊಂಡು, ಶಾಲೆ ಅಥವಾ ಸಭಾಗೃಹ ನಡೆಸುತ್ತ, ತಲೆಮಾರುಗಳನ್ನು ದಾಟಿ ಬಂದಿವೆ. ಅವುಗಳಲ್ಲಿ ಕೆಲವುಗಳ ಬೆನ್ನಿಗೆ ಕರಾವಳಿಯ ಹೋಟೆಲ್ ಉದ್ಯಮಿಗಳಿದ್ದರು, ಈಗಲೂ ಇದ್ದಾರೆ. ಪುಣೆ, ಪಿಂಪ್ರಿ, ಚಿಂಚವಾಡ, ಹಡಪಸರಗಳಲ್ಲಿರುವ ಚಿಕ್ಕ ಸಂಘಗಳ ಸದಸ್ಯರಲ್ಲಿ ಬಹಳ ಮಂದಿ ಕಲಬುರಗಿ, ವಿಜಯಪುರ, ಬೀದರ, ಅಕ್ಕಲಕೋಟೆ, ಜತ್ತ ಕಡೆಯಿಂದ ಬಂದ ಕಾರ್ಖಾನೆ ನೌಕರರು, ಗವಂಡಿಗಳು, ವಾಹನ ಚಾಲಕರು, ಸಣ್ಣ ಅಂಗಡಿಕಾರರು. ಇವರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ವಂತಿಗೆ ಎತ್ತುತ್ತಾರೆ, ಸ್ಮರಣ ಸಂಚಿಕೆಗೆ ಜಾಹೀರಾತು ತರುತ್ತಾರೆ. ರಾಜ್ಯೋತ್ಸವ ಬಂದರೆ ಪೆಂಡಾಲಿಗೆ ಒಬ್ಬರು, ಊಟಕ್ಕೆ ಒಬ್ಬರು, ಧ್ವನಿವರ್ಧಕಕ್ಕೆ ಮತ್ತೊಬ್ಬರು ಮುಂದೆ ಬರುತ್ತಾರೆ. ಬ್ಯಾನರಿನ ಮೇಲೆ ಅವರ ಹೆಸರು ಬರುತ್ತದೆ, ಅದು ಬರಲೇಬೇಕಾದ ಗೌರವವೂ ಹೌದು. ಆದರೆ ಲೆಕ್ಕ ಪರಿಶೋಧಕರ ಶುಲ್ಕವನ್ನು ನಾನು ಕೊಡುತ್ತೇನೆ ಎಂದು ಮುಂದೆ ಬಂದ ದಾನಿಯನ್ನು ನಾನು ಕಂಡದ್ದು ಬಹಳ ಅಪರೂಪ.

ಇದು ಏಕೆ ದೊಡ್ಡ ವಿಷಯವೆಂದು ತಿಳಿಯಲು ಮಹಾರಾಷ್ಟ್ರದ ಕಾನೂನನ್ನು ಸ್ವಲ್ಪ ನೋಡಬೇಕು. ಕರ್ನಾಟಕದಲ್ಲಿ ಸಂಘವೊಂದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು, ವರ್ಷಕ್ಕೊಮ್ಮೆ ರಿಜಿಸ್ಟ್ರಾರ್ ಕಚೇರಿಗೆ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿ ಸಲ್ಲಿಸುತ್ತದೆ. ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯ ನೋಂದಣಿಯ ಜೊತೆಗೇ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಯ ನೋಂದಣಿಯೂ ಆಗಬೇಕು, ಸಂಘಕ್ಕೆ ‘ಎಫ್’ ಅಕ್ಷರದಿಂದ ಆರಂಭವಾಗುವ ಇನ್ನೊಂದು ಸಂಖ್ಯೆ ಸಿಗಬೇಕು. ಅಲ್ಲಿಂದ ಮುಂದೆ ಸಂಘ, ಸಾರ್ವಜನಿಕ ಟ್ರಸ್ಟುಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನರ್ ಕಚೇರಿಯ ಕಣ್ಗಾವಲಿನಲ್ಲಿರುತ್ತದೆ. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಅದನ್ನು ಒಪ್ಪಿದ ಮೇಲೆ ಮಾತ್ರ ಹೊಸಬರ ಹೆಸರು ಶೆಡ್ಯೂಲ್ ಒಂದು ಎಂಬ ದಾಖಲೆಯಲ್ಲಿ ಏರುತ್ತದೆ. ಸಂಘದ ಜಾಗ ಮಾರುವುದಿದ್ದರೂ, ಕಟ್ಟಡವನ್ನು 3 ವರ್ಷಕ್ಕಿಂತ ಹೆಚ್ಚು ಕಾಲದ ಲೀಸಿಗೆ ಕೊಡುವುದಿದ್ದರೂ ಮೊದಲು ಕಮಿಷನರ ಅನುಮತಿ ಬೇಕು. ಈ ಬಿಗಿಯನ್ನು ನಾನು ದೂರುವುದಿಲ್ಲ. ಹಿರಿಯರು ಬೆವರು ಸುರಿಸಿ ಸಂಪಾದಿಸಿದ ನಿವೇಶನ ನಾಲ್ಕು ಜನರ ಸಹಿಯಿಂದ ಬಿಲ್ಡರನ ಪಾಲಾಗದಂತೆ ತಡೆಯುವುದು ಇದೇ ಕಾನೂನು.

ಕಷ್ಟ ಬರುವುದು ಚೇಂಜ್ ರಿಪೋರ್ಟಿನಲ್ಲಿ. ನಾನು ಹತ್ತಿರದಿಂದ ಬಲ್ಲ ಸಂಘವೊಂದರಲ್ಲಿ ಸಭೆಗಳು ನಡೆದವು, ಚುನಾವಣೆಗಳೂ ನಡೆದವು, ಠರಾವುಗಳನ್ನೆಲ್ಲ ಅಂದವಾದ ಕನ್ನಡದಲ್ಲಿ ಬರೆದಿಟ್ಟರು. ವರದಿಯನ್ನು ಮಾತ್ರ ಸಲ್ಲಿಸಲಿಲ್ಲ. ವಕೀಲರಿಗೆ ಕೊಡಲು ಹಣವಿರಲಿಲ್ಲ, ಮುಂದಿನ ವರ್ಷ ನೋಡೋಣ ಎಂದರು. ಶೆಡ್ಯೂಲ್ ಒಂದರಲ್ಲಿ ಮೊದಲ ಸಮಿತಿಯ ಹೆಸರುಗಳೇ ಉಳಿದವು. ಅಷ್ಟರಲ್ಲಿ ಅಧ್ಯಕ್ಷರು ನಿವೃತ್ತರಾಗಿ ಊರಿಗೆ ಮರಳಿದ್ದರು, ಖಜಾಂಚಿಯವರು ತೀರಿಕೊಂಡಿದ್ದರು. ಮಕ್ಕಳ ವಿದ್ಯಾರ್ಥಿವೇತನದ ಚೆಕ್ಕಿಗೆ ಹೊಸ ಪದಾಧಿಕಾರಿಗಳು ಸಹಿ ಹಾಕಿದಾಗ, ದಾಖಲೆಯಲ್ಲಿರುವವರ ಸಹಿಯೇ ಬೇಕೆಂದು ಬ್ಯಾಂಕು ಹೇಳಿತು. ಖಾತೆಯಲ್ಲಿ ಹಣವಿತ್ತು, ಜೂನ್ ತಿಂಗಳಾಗಿತ್ತು, ತಾಯಂದಿರು ಶಾಲೆಯ ಫೀ ಕಟ್ಟಲು ಕಾದಿದ್ದರು. ಒಂದು ರೂಪಾಯಿಯನ್ನೂ ತೆಗೆಯಲಾಗಲಿಲ್ಲ. ಸರಿಪಡಿಸಲು ಹೊರಟಾಗ ಕೊನೆಯ ಚುನಾವಣೆಯ ವರದಿಯೊಂದೇ ಸಾಲಲಿಲ್ಲ. ನಡುವಿನ ಪ್ರತಿಯೊಂದು ಚುನಾವಣೆಯ ವರದಿಯನ್ನೂ ಕ್ರಮವಾಗಿ ಸಲ್ಲಿಸಬೇಕಾಯಿತು. ಪ್ರತಿಯೊಂದಕ್ಕೂ ಸಭೆಯ ಸೂಚನಾಪತ್ರ, ಅದು ಸದಸ್ಯರಿಗೆ ತಲುಪಿದ್ದಕ್ಕೆ ಸಹಿ, ಠರಾವಿನ ಮರಾಠಿ ಅನುವಾದ, ಹೊಸಬರ ಸಮ್ಮತಿಪತ್ರ, ಹೋದವರ ರಾಜೀನಾಮೆ ಅಥವಾ ಮರಣ ಪ್ರಮಾಣಪತ್ರ, ಮೇಲೆ ವಿಳಂಬವನ್ನು ಮನ್ನಿಸಲು ಕಾರಣ ಕೊಡುವ ಪ್ರತ್ಯೇಕ ಅರ್ಜಿ. ಆಗಲೇ ಸಕಾಲದಲ್ಲಿ ಸಲ್ಲಿಸಿದ್ದರೆ ತಗಲುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಖರ್ಚು ಬಿತ್ತು.

ಹೊರಗಿನಿಂದ ಹಣ ತರುವ ದಾರಿಗಳೆಲ್ಲ ಕಾಗದಪತ್ರದ ಇದೇ ಬಾಗಿಲಿನ ಮುಂದೆ ಬಂದು ನಿಲ್ಲುತ್ತವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವಿದೆ. ನಮ್ಮ ಅಕ್ಕಲಕೋಟೆಯಂಥ ಗಡಿ ತಾಲೂಕುಗಳಿಗೆ, 2010ರ ಕಾಯ್ದೆಯಿಂದ ರಚನೆಯಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಅನುದಾನವೂ ಇದೆ. ಆದ್ದರಿಂದ ಸರ್ಕಾರ ಏನೂ ಕೊಡುವುದಿಲ್ಲವೆಂಬ ಮಾತು ಸರಿಯಲ್ಲ. ಆದರೆ ಅವರು ನೋಂದಣಿ ಪತ್ರ, ಪರಿಶೋಧಿತ ಲೆಕ್ಕ, ಹಿಂದಿನ ಅನುದಾನದ ಹಣ ಬಳಕೆ ಪ್ರಮಾಣಪತ್ರ ಕೇಳುತ್ತಾರೆ, ಕೇಳಬೇಕಾದದ್ದೇ. ಇಲ್ಲಿನ ಸಂಘ ಅದೇ ಲೆಕ್ಕವನ್ನು ಪುಣೆಯಲ್ಲಿ ಮರಾಠಿಯಲ್ಲೂ ಬೆಂಗಳೂರಿನಲ್ಲಿ ಕನ್ನಡದಲ್ಲೂ ಒಪ್ಪಿಸಬೇಕಾಗುತ್ತದೆ. ಈ ಇಮ್ಮಡಿ ಕೆಲಸವನ್ನು ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು ಬಂದ ಕಾರ್ಯದರ್ಶಿ ರಾತ್ರಿ ಕುಳಿತು ಮಾಡುತ್ತಾರೆ.

ಕಂಪನಿಗಳ ಸಿಎಸ್ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ನಮ್ಮವರಲ್ಲಿ ದೊಡ್ಡ ಆಸೆಯಿದೆ, ಏಕೆಂದರೆ ಪುಣೆಯ ಸುತ್ತ ಕಾರ್ಖಾನೆಗಳೇ ತುಂಬಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆ ಹಣ ಪಡೆಯುವ ಸಂಘಕ್ಕೆ ಆದಾಯ ತೆರಿಗೆಯ 12ಎ (ಸಂಘದ ಆದಾಯಕ್ಕೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿಗಳಿರಬೇಕು, 3 ವರ್ಷಗಳ ಕೆಲಸದ ದಾಖಲೆಯಿರಬೇಕು, 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ನಮೂನೆಯ ನೋಂದಣಿಯೂ ಇರಬೇಕು. ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ: ಒಂದು ದಿನದ ಉತ್ಸವ, ಪ್ರಶಸ್ತಿ ಪ್ರದಾನ, ಪ್ರಾಯೋಜಕತ್ವ ಇವು ಸಿಎಸ್ಆರ್ ಲೆಕ್ಕಕ್ಕೆ ಸೇರುವುದಿಲ್ಲ. ಬಡ ಮಕ್ಕಳ ಶಿಕ್ಷಣ, ಗ್ರಂಥಾಲಯ, ಕಲೆಯ ರಕ್ಷಣೆ ಸೇರುತ್ತವೆ. ರಾಜ್ಯೋತ್ಸವಕ್ಕೆ ಹಣ ಬೇಕೆಂದು ಬರೆದ ಅರ್ಜಿ ತಿರಸ್ಕೃತವಾಗುವುದಕ್ಕೆ ಕಂಪನಿಯ ಕನ್ನಡ ದ್ವೇಷವೇ ಕಾರಣವೆಂದು ತಿಳಿಯಬಾರದು. ಅದೇ ಸಂಘ ವರ್ಷವಿಡೀ ನಡೆಸುವ ಸಂಜೆಯ ಪಾಠಶಾಲೆಗೆ ಅರ್ಜಿ ಬರೆದಿದ್ದರೆ ಕಂಪನಿಯವರು ಅದನ್ನು ಪರಿಶೀಲಿಸುತ್ತಿದ್ದರು.

ವಿದೇಶದಲ್ಲಿರುವ ಬಂಧುಗಳ ಹಣದ ವಿಷಯದಲ್ಲಿ ಎಚ್ಚರ ಬೇಕು. ಭಾರತದ ಪೌರರಾಗಿಯೇ ದುಬೈಯಲ್ಲಿ ದುಡಿಯುತ್ತಿರುವವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆಯೇ ಆಗುತ್ತದೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ.

ಇನ್ನು ನಿಮ್ಮ ದೇಣಿಗೆಯ ಮಾತು. 2000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ವಿನಾಯಿತಿ ಇಲ್ಲ, ನೀವು ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ ಯಾವ ದೇಣಿಗೆಗೂ ಇಲ್ಲ. ಕೊಡುವ ಮೊದಲು ಸಂಘದವರಿಂದ ಶೆಡ್ಯೂಲ್ ಒಂದರ ಇತ್ತೀಚಿನ ಪ್ರತಿಯನ್ನೂ ಹಿಂದಿನ ವರ್ಷದ ಪರಿಶೋಧಿತ ಲೆಕ್ಕವನ್ನೂ ಕೇಳಿ ಪಡೆಯಿರಿ. ಕೇಳಿದರೆ ಅವರಿಗೆ ಬೇಸರವಾದೀತೆಂದು ಸಂಕೋಚಪಡಬೇಡಿ. ಲೆಕ್ಕ ಚೊಕ್ಕವಾಗಿಟ್ಟ ಕಾರ್ಯದರ್ಶಿಗೆ ಅದನ್ನು ತೋರಿಸುವುದೇ ಹೆಮ್ಮೆ. ಶೆಡ್ಯೂಲಿನಲ್ಲಿ ಹಳೆಯ ಹೆಸರುಗಳೇ ಇದ್ದರೆ ಆ ಸಂಘವನ್ನು ಕೈಬಿಡಬೇಡಿ. ಬಾಕಿ ಉಳಿದ ಚೇಂಜ್ ರಿಪೋರ್ಟುಗಳಿಗೆ ತಗಲುವ ವಕೀಲರ ಶುಲ್ಕವನ್ನೇ ನಿಮ್ಮ ದೇಣಿಗೆಯಾಗಿ ಕೊಡಿ. ಸರಿಯಾಗಿರುವ ಸಂಘವಾದರೆ, ಈ ಹಣವನ್ನು ಲೆಕ್ಕ ಪರಿಶೋಧನೆ, ಅನುವಾದ, ಅರೆಕಾಲಿಕ ಗುಮಾಸ್ತರ ಸಂಬಳ ಇವುಗಳಿಗೆ ಬಳಸಬೇಕೆಂದು ದೇಣಿಗೆಯ ಜೊತೆ ಪತ್ರ ಬರೆದುಕೊಡಿ. ದೊಡ್ಡ ಮೊತ್ತವಿದ್ದರೆ ಮೂಲನಿಧಿಗೆಂದು ಸ್ಪಷ್ಟವಾಗಿ ಬರೆದು, ಅದರ ಬಡ್ಡಿ ಈ ಖರ್ಚುಗಳಿಗೆ ಹೋಗಲಿ ಎಂದು ಸೂಚಿಸಿ.

ಸಾಧ್ಯವಾದರೆ ಏಪ್ರಿಲ್‌ನಲ್ಲಿ ಕೊಡಿ. 80ಜಿ ಇರುವ ಸಂಘ ಹಿಂದಿನ ವರ್ಷದ ದಾನಿಗಳ ಪಟ್ಟಿಯನ್ನು ತೆರಿಗೆ ಇಲಾಖೆಗೆ ಮೇ 31ರೊಳಗೆ ಸಲ್ಲಿಸಬೇಕು, ಪರಿಶೋಧಿತ ಲೆಕ್ಕವನ್ನು ಸೆಪ್ಟೆಂಬರ್ ಕೊನೆಯೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಒಪ್ಪಿಸಬೇಕು. ಈ ಎರಡೂ ಕೆಲಸಗಳ ಖರ್ಚು ಬೀಳುವುದು ರಾಜ್ಯೋತ್ಸವದ ವಂತಿಗೆ ಕೈಗೆ ಬರುವುದಕ್ಕಿಂತ ಬಹಳ ಮೊದಲೇ.