ಕುದುರೆಗೆ ಹಾಕಿದ ದಾರಿಯಲ್ಲಿ ಸೈಕಲ್

ಹಳೇ ಗಣಿ ಸೀಮೆಯ ಮೌಂಟನ್ ಬೈಕ್ ದಾರಿಗಳ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಬ್ರಿಟನ್ನಿನ ಹಳೇ ಗಣಿ ಪ್ರದೇಶದಲ್ಲಿ ಒಂದು ವಾರ ಸೈಕಲ್ ತುಳಿಯೋಣ ಬಾ ಅಂತ ಗೆಳೆಯ ಕರೆಯುತ್ತಿದ್ದಾನೆ. ಒಳ್ಳೆಯ ಬೆಟ್ಟ, ಕಾಡು ಬಿಟ್ಟು ಗಣಿಯವರು ಎಸೆದ ಕಲ್ಲಿನ ರಾಶಿ ನೋಡೋಕೆ ಯಾಕೆ ಹೋಗಬೇಕು? ನಾನು ಹೊಸಬ ಬೇರೆ. ಏರು ಬಂದರೆ ಏದುಸಿರು.

ಉತ್ತರ: ಹೋಗಿ. ಆದರೆ ಯಾವ ದಾರಿಗೆ ಅಂತ ಮೊದಲೇ ಕೇಳಿಕೊಳ್ಳಿ. ಆ ಸೀಮೆಯಲ್ಲಿ ಎಷ್ಟೋ ದಾರಿಗಳ ಏರಿಳಿತವನ್ನು ತೀರ್ಮಾನ ಮಾಡಿದ್ದು ಸೈಕಲ್ಲಿನವರಲ್ಲ, ಅದಿರಿನ ಭಾರ.

ಟನ್ನುಗಟ್ಟಲೆ ಅದಿರನ್ನು ಗುಡ್ಡದಿಂದ ಬಂದರಿಗೆ ಸಾಗಿಸಬೇಕು, ಎಳೆಯೋಕೆ ಇರೋದು ಕುದುರೆ. ಇಳಿಜಾರು ಕಡಿದಾದರೆ ಬಂಡಿ ಕುದುರೆಯ ಮೇಲೇ ನುಗ್ಗುತ್ತದೆ. ಏರು ಜಾಸ್ತಿಯಾದರೆ ಕುದುರೆ ಹೆಜ್ಜೆ ಕೀಳುವುದಿಲ್ಲ. ಹಾಗಾಗಿ ಗುಡ್ಡವನ್ನು ಸುತ್ತಿ ಬಳಸಿ, ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಹಳಿ ಹಾಕಿದರು. ಹಳಿ ಕಿತ್ತು ಸಾಗಿಸಿದ ಮೇಲೂ ಆ ಇಳಿಜಾರು ಹಾಗೇ ಉಳಿದಿದೆ. ನಿಮ್ಮಂಥ ಹೊಸಬರಿಗೆ ಇದಕ್ಕಿಂತ ಹದವಾದ ದಾರಿ ಬೇಕಾ?

ಮೊದಲ ದಿನಕ್ಕೆ ನನ್ನ ಆಯ್ಕೆ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್. ಉತ್ತರ ಕರಾವಳಿಯ ಪೋರ್ಟ್‌ರೀತ್‌ನಿಂದ ದಕ್ಷಿಣದ ಡೆವೊರಾನ್‌ವರೆಗೆ ಸುಮಾರು 18 ಕಿಲೋಮೀಟರ್. ಎರಡೂ ತುದಿಯಲ್ಲಿ ಉಪ್ಪುನೀರು, ನಡುವೆ ನಿಧಾನದ ಒಂದು ಏರು. ಉತ್ತರದ ಭಾಗ 1809ರಲ್ಲಿ ಶುರುವಾದ ಪೋರ್ಟ್‌ರೀತ್ ಟ್ರಾಮ್‌ದಾರಿ (ಕುದುರೆ ಎಳೆಯುವ ಬಂಡಿಗಳ ಹಳಿ), ದಕ್ಷಿಣದ್ದು 1820ರ ದಶಕದ ರೆಡ್ರೂತ್–ಚೇಸ್‌ವಾಟರ್ ರೈಲು ದಾರಿ. ತಾಮ್ರದ ಅದಿರು ಇಲ್ಲಿಂದ ಹಡಗೇರಿ ವೇಲ್ಸ್‌ನ ಸ್ವಾನ್ಸೀಗೆ ಹೋಗುತ್ತಿತ್ತು. ಅದಿರು ಕರಗಿಸೋಕೆ ಅದಿರಿಗಿಂತ ಜಾಸ್ತಿ ಕಲ್ಲಿದ್ದಲು ಬೇಕು. ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲು ಇಲ್ಲ. ಹಾಗಾಗಿ ಅದಿರೇ ಕಲ್ಲಿದ್ದಲನ್ನು ಹುಡುಕಿಕೊಂಡು ಹೋಯಿತು. ಬರುವಾಗ ಅದೇ ಹಡಗು ಗಣಿಯ ನೀರೆತ್ತುವ ಎಂಜಿನ್‌ಗಳಿಗೆ ಕಲ್ಲಿದ್ದಲು ಹೊತ್ತು ತರುತ್ತಿತ್ತು.

ಅಲ್ಲಿ ಒಂದು ಕಡೆ ಸೈಕಲ್ ನಿಲ್ಲಿಸಿ ನೆಲ ನೋಡಿ. ದಾರಿಯ ಅಂಚಿನಲ್ಲಿ ತೂತು ಕೊರೆದ ಗ್ರಾನೈಟ್ ಕಲ್ಲುಗಳು ಅಲ್ಲಲ್ಲಿ ಹೂತಿರುತ್ತವೆ. ಹಳಿಯನ್ನು ಮೊಳೆ ಹೊಡೆದು ಕೂರಿಸುತ್ತಿದ್ದದ್ದು ಆ ತೂತಿಗೆ. ಈ ಬದಿಯಿಂದ ಆ ಬದಿಗೆ ಅಡ್ಡ ಮರದ ದಿಮ್ಮಿ ಹಾಕದೆ ಎರಡು ಸಾಲು ಬಿಡಿ ಕಲ್ಲು ಇಟ್ಟರು. ಯಾಕೆಂದರೆ ನಡುವೆ ಕುದುರೆ ನಡೆಯಬೇಕಲ್ಲ, ಕಾಲಿಗೆ ಏನೂ ತೊಡರಬಾರದು. ಸೈಕಲ್ಲಿನವರಿಗೂ ಅದೇ ಲೆಕ್ಕ: ನಡುವೆ ಸಾಗಿ. ಮಳೆಯಲ್ಲಿ ಆ ಕಲ್ಲಿನ ಮೇಲೆ ಚಕ್ರ ಹತ್ತಿಸಬೇಡಿ.

ಈ ಇಳಿಜಾರಿನ ಲೆಕ್ಕ ಎಷ್ಟು ಚೊಕ್ಕವಾಗಿತ್ತು ಅನ್ನೋದಕ್ಕೆ ಉತ್ತರ ವೇಲ್ಸ್‌ನ ಫೆಸ್ಟಿನಿಯೋಗ್ ದಾರಿ ನೋಡಬೇಕು. 1836ರಿಂದ, ಮನೆ ಚಾವಣಿಗೆ ಹೊದಿಸುವ ಸ್ಲೇಟ್ ಕಲ್ಲು ತುಂಬಿದ ಬಂಡಿಗಳು ಅಲ್ಲಿ ಎಂಜಿನ್ನೂ ಇಲ್ಲದೆ, ಕುದುರೆಯೂ ಇಲ್ಲದೆ ಸುಮ್ನೆ ತಮ್ಮ ಭಾರಕ್ಕೇ ಬಂದರಿನವರೆಗೆ ಉರುಳಿ ಬರುತ್ತಿದ್ದವು. ಹಾಗಾದರೆ ಕುದುರೆ? ಅದಕ್ಕೇ ಅಂತ ಒಂದು ಬಂಡಿ. ಅದರಲ್ಲಿ ನಿಂತು ಮೇವು ತಿನ್ನುತ್ತಾ ಕೆಳಗೆ ಬಂದು, ಆಮೇಲೆ ಖಾಲಿ ಬಂಡಿಗಳನ್ನು ಮೇಲಕ್ಕೆ ಎಳೆಯುತ್ತಿತ್ತು. (ಆ ಹಳಿ ಮೇಲೆ ಇವತ್ತೂ ರೈಲು ಓಡುತ್ತದೆ. ಸೈಕಲ್ ಒಯ್ಯಬೇಡಿ.)

ಮ್ಯಾಪ್ ಓದುವಾಗಲೂ ಇದು ನೆರವಿಗೆ ಬರುತ್ತದೆ. ಗುಡ್ಡದ ಮೈಗೆ ಅಂಟಿಕೊಂಡು ಉದ್ದಕ್ಕೆ ಬಾಗುತ್ತಾ ಹೋಗುವ ಹಳೇ ಗೆರೆ ಕಂಡರೆ ಅದು ಕುದುರೆಯದೋ ರೈಲಿನದೋ ದಾರಿ, ಆರಾಮವಾಗಿ ತುಳಿಯಬಹುದು. ಅಡಿಕೋಲು ಇಟ್ಟು ಎಳೆದ ಹಾಗೆ ನೆಟ್ಟಗೆ ಗುಡ್ಡ ಹತ್ತುವ ಗಿಡ್ಡ ಗೆರೆ ಕಂಡರೆ ಹುಷಾರು. ಅಲ್ಲಿ ಹಗ್ಗ ಸುತ್ತಿದ ರಾಟೆಯಿಂದ ಬಂಡಿ ಏರಿಸಿ ಇಳಿಸುತ್ತಿದ್ದರು. ಹತ್ತುವಾಗ ಸೈಕಲ್ ತಳ್ಳಬೇಕು, ಇಳಿಯುವಾಗ ಜೀವ ಬಾಯಿಗೆ ಬರುತ್ತದೆ.

ಗೆಳೆಯ ದಕ್ಷಿಣ ವೇಲ್ಸ್‌ನ ಆಫನ್ ಕಣಿವೆ ಅಂದರೆ ಅದನ್ನು ವಾರದ ಕೊನೆಗೆ ಇಡಿ. ಅದು ಕಲ್ಲಿದ್ದಲಿನ ಕಣಿವೆ. ಕೆಳಗಿನ ಹಳೇ ರೈಲು ದಾರಿ ಸಲೀಸು. ಆದರೆ ಹೆಸರು ಮಾಡಿರುವುದು ಮೇಲಿನ ಕಾಡಿನಲ್ಲಿ ಸೈಕಲ್ಲಿಗೆಂದೇ ಕಡಿದ ದಾರಿಗಳು. ಅವುಗಳಲ್ಲಿ ಹೆಚ್ಚಿನವು ಕೆಂಪು ದರ್ಜೆಯವು. ಸುಲಭದಿಂದ ಕಷ್ಟಕ್ಕೆ ಹಸಿರು, ನೀಲಿ, ಕೆಂಪು, ಕಪ್ಪು ಅನ್ನುವ ನಾಲ್ಕರಲ್ಲಿ ಅದು ಮೂರನೆಯದು. ಅಲ್ಲಿಯ ಏರನ್ನು ನಿರ್ಧರಿಸಿದ್ದು ಕುದುರೆಯಲ್ಲ, ಮೌಂಟನ್ ಬೈಕಿನವರೇ. ಕರುಣೆ ಕಮ್ಮಿ.

ಪ್ರಶ್ನೆ: ಗಣಿ ಅಂದರೆ ಗುಂಡಿ, ವಿಷ ಅಂತೆಲ್ಲ ಕೇಳಿದ್ದೇನೆ. ಮಕ್ಕಳನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಭಯಪಡಬೇಕಾ?

ಉತ್ತರ: ಗುರುತು ಹಾಕಿದ ದಾರಿಯಲ್ಲಿದ್ದರೆ ಭಯ ಬೇಡ. ದಾರಿ ಬಿಟ್ಟರೆ ಬೇಕು.

ಗಣಿ ಬಾವಿಗಳು ನೂರಾರು ಅಡಿ ಆಳ. ಕೆಲವಕ್ಕೆ ಯಾವತ್ತೋ ಮರದ ಹಲಗೆ ಹಾಸಿ ಮೇಲೆ ಮಣ್ಣು ಹಾಕಿಬಿಟ್ಟಿದ್ದರು. ಹಲಗೆ ಕೊಳೆತಿರುತ್ತದೆ, ಮೇಲೆ ಹುಲ್ಲು ಚೆನ್ನಾಗೇ ಬೆಳೆದಿರುತ್ತದೆ. ಆದ್ದರಿಂದ ಬೇಲಿ ದಾಟೋದು, ಪೊದೆಯ ಮರೆಗೆ ಹೋಗೋದು ಎಲ್ಲ ಬಿಡಿ. ಕಾರ್ನ್‌ವಾಲ್‌ನಲ್ಲಿ ಕಬ್ಬಿಣದ ಜಾಲರಿಯ ದೊಡ್ಡ ಶಂಕುಗಳನ್ನು ನೆಲದ ಮೇಲೆ ಬೋರಲು ಹಾಕಿದ ಹಾಗೆ ನೋಡುತ್ತೀರಿ. ಪ್ರತಿಯೊಂದರ ಕೆಳಗೂ ಒಂದು ಬಾವಿ. ಕಾಂಕ್ರೀಟ್ ಮುಚ್ಚಳದ ಬದಲು ಜಾಲರಿ ಹಾಕಿದ್ದು ಬಾವಲಿಗಳಿಗಾಗಿ. ಒಳಗೆ ವಾಸ ಮಾಡುವ ಅವು ಸಂಜೆ ಹೊರಗೆ ಬರಬೇಕಲ್ಲ. ಮಕ್ಕಳಿಗೆ ಇದನ್ನು ತೋರಿಸಿ, ಜಾಲರಿ ಹತ್ತೋಕೆ ಮಾತ್ರ ಬಿಡಬೇಡಿ.

ವಿಷದ ಮಾತು ಸುಳ್ಳಲ್ಲ. ಅಲ್ಲಿಯ ಅದಿರಿನ ಜೊತೆ ಪಾಷಾಣ, ಅಂದರೆ ಆರ್ಸೆನಿಕ್ ಸೇರಿಕೊಂಡಿತ್ತು. ಅದಿರನ್ನು ಹುರಿದು ಹೊಗೆಯಿಂದ ಅದನ್ನು ಬೇರೆ ಮಾಡಿ, ಕೀಟನಾಶಕಕ್ಕೆ ಮಾರುತ್ತಿದ್ದರು. ಆ ಗೂಡುಗಳಿಂದ ಪುಡಿ ಕೆರೆದು ತೆಗೆಯುವ ಕೆಲಸದವರು ಮೂಗಿಗೆ ಹತ್ತಿ ತುರುಕಿ, ಮೈಗೆ ಜೇಡಿಮಣ್ಣು ಬಳಿದುಕೊಳ್ಳುತ್ತಿದ್ದರು. ಅಷ್ಟೇ ಅವರ ರಕ್ಷಣೆ. ಇವತ್ತಿಗೂ ಪೋರ್ಟ್‌ರೀತ್–ಡೆವೊರಾನ್ ದಾರಿಯ ಪೋಲ್ಡೈಸ್ ಕಣಿವೆಯಲ್ಲಿ ಹುಲ್ಲು ಹುಟ್ಟದ ಬೋಳು ನೆಲ ಸಿಗುತ್ತದೆ. ಸೈಕಲ್ ಹಾರಿಸೋಕೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ, ಅಲ್ವಾ? ಹಾದು ಹೋಗಿ, ಆದರೆ ಅಲ್ಲಿ ಕೂತು ಊಟ ಬಿಚ್ಚಬೇಡಿ. ತಿನ್ನೋ ಮೊದಲು ಕೈ ತೊಳೆಯಿರಿ, ನೀರಿನ ಬಾಟಲಿಯ ಬಾಯಿಗೆ ಮುಚ್ಚಳ ಇರಲಿ. ಧೂಳು ಏಳುವ ದಿನ ಮುಂದಿನವರ ಬೆನ್ನಿಗೇ ಅಂಟಿಕೊಂಡು ಹೋಗಬೇಡಿ.

ಇನ್ನು ನೀರು. ಹಳೇ ಸುರಂಗದ ಬಾಯಿಂದ ಕಿತ್ತಳೆ ಬಣ್ಣದ ನೀರು ಹರಿಯುತ್ತಿದ್ದರೆ ಅದು ತುಕ್ಕಿನ ನೀರು. ಗಂಧಕ, ಕಬ್ಬಿಣ ಸೇರಿದ ಕಲ್ಲಿಗೆ ಗಾಳಿ, ನೀರು ತಾಗಿದರೆ ಹಾಗಾಗುತ್ತದೆ. ಇದೇ ದಾರಿ ಪಕ್ಕದ ಕಾರ್ನನ್ ಹೊಳೆ 1992ರ ಜನವರಿಯಲ್ಲಿ ಪೂರ್ತಿ ಕಿತ್ತಳೆಯಾಗಿತ್ತು. ವೀಲ್ ಜೇನ್ ಅನ್ನುವ ತವರದ ಗಣಿ ಹಿಂದಿನ ವರ್ಷವಷ್ಟೇ ಮುಚ್ಚಿತ್ತು. ಪಂಪು ನಿಂತ ಮೇಲೆ ಒಳಗೆ ತುಂಬಿಕೊಂಡ ನೀರು ಒಮ್ಮೆಲೇ ಒಡೆದು ಹೊರಗೆ ಬಂತು. ಅಂಥ ಹಳ್ಳದಲ್ಲಿ ಮುಖ ತೊಳೆಯೋದೂ ಬೇಡ.

ಪ್ರಶ್ನೆ: ಸ್ಲೇಟ್ ಕ್ವಾರಿ ಪಕ್ಕದ ದಾರಿಯಲ್ಲಿ ಒಂದೇ ದಿನ ಎರಡು ಸಲ ಪಂಕ್ಚರ್. ಟೈರ್ ಹೊಸದೇ ಇತ್ತು. ಗಾಳಿ ಜಾಸ್ತಿ ಹೊಡೆಸಬೇಕಾ?

ಉತ್ತರ: ಬೇಡ. ಗಾಳಿ ಜಾಸ್ತಿಯಾದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಒಂದು ಟನ್ ಒಳ್ಳೆಯ ಸ್ಲೇಟ್ ಸಿಗಬೇಕಾದರೆ ಹತ್ತು ಟನ್ನಿನಷ್ಟಾದರೂ ಬಿಸಾಡುತ್ತಿದ್ದರು. ಆ ಚೂರುಗಳ ಮೇಲೇ ನೀವು ಓಡಿಸುತ್ತಿರೋದು. ಅವು ಟೈರಿನ ತಳಕ್ಕಿಂತ ಪಕ್ಕೆಯನ್ನು ಕೊಯ್ಯುತ್ತವೆ. ಪಕ್ಕೆ ದಪ್ಪಗಿರುವ ಟೈರ್ ಹಾಕಿಸಿ. ತೂಕ ಸ್ವಲ್ಪ ಜಾಸ್ತಿ, ಇರಲಿ ಬಿಡಿ. ಟ್ಯೂಬ್ ತೆಗೆಸಿ ಒಳಗೆ ಸೀಲೆಂಟ್ ಅನ್ನುವ ಅಂಟುದ್ರವ ತುಂಬಿಸಿ. ನಡುತರದ ಮೈಕಟ್ಟಿನವರಿಗೆ ಅಗಲ ಟೈರಿನಲ್ಲಿ ಗಾಳಿಯ ಒತ್ತಡ 25 ಪಿಎಸ್‌ಐ ಆಸುಪಾಸು ಸಾಕು. ಸಣ್ಣ ತೂತನ್ನು ಸೀಲೆಂಟೇ ಮುಚ್ಚುತ್ತದೆ. ಪಕ್ಕೆ ಸೀಳಿದರೆ ಮುಚ್ಚೋದಿಲ್ಲ, ಅದಕ್ಕೆ ಸೀಳಿಗೆ ತುರುಕುವ ರಬ್ಬರ್ ಬತ್ತಿ ಮತ್ತು ಒಂದು ಬಿಡಿ ಟ್ಯೂಬ್ ಚೀಲದಲ್ಲಿರಲಿ. ನಾನೊಮ್ಮೆ ಎರಡನ್ನೂ ಬಿಟ್ಟು ಹೋಗಿ ಏಳು ಕಿಲೋಮೀಟರ್ ಸೈಕಲ್ ತಳ್ಳಿದ್ದೇನೆ, ಅದೂ ಮಳೆಯಲ್ಲಿ.

ಮಳೆ ಅಂದಾಗ ನೆನಪಾಯಿತು: ಕಲ್ಲುಪುಡಿ ಬೆರೆತ ನೀರು ಬ್ರೇಕ್ ಪ್ಯಾಡಿಗೆ ಉಪ್ಪುಕಾಗದ ಇದ್ದ ಹಾಗೆ. ಮೆತ್ತನೆಯ ರೆಸಿನ್ ಪ್ಯಾಡ್ ಅಂಥ ಒಂದೇ ದಿನದಲ್ಲಿ ಸವೆದುಹೋಗಬಹುದು. ಲೋಹದ ಪುಡಿಯಿಂದ ಮಾಡಿದ್ದು ಹೆಚ್ಚು ಬಾಳುತ್ತದೆ. ಕೀರಲಿದರೆ ಕೀರಲಲಿ.

ಪ್ರಶ್ನೆ: ಅಮೆರಿಕದ ಮಿನೆಸೋಟದಲ್ಲಿ ಕಯೂನಾ ಅನ್ನುವ ಕಡೆ ಹೋಗಿ ಬಂದೆ. ಸೈಕಲ್, ಸಾಕ್ಸು, ಕಾಲು ಎಲ್ಲ ಕೆಂಪು. ಎರಡು ಸಲ ತೊಳೆದರೂ ಹೋಗುತ್ತಿಲ್ಲ. ಚೈನ್ ಹಾಳಾಗುತ್ತದಾ?

ಉತ್ತರ: ಕಾಲಿಂದ ಹೋಗುತ್ತದೆ. ಸಾಕ್ಸಿನ ಆಸೆ ಬಿಡಿ. ಅದು ಕಬ್ಬಿಣದ ಅದಿರಿನ ಸೀಮೆ, ಆ ಕೆಂಪೇ ಅದಿರು. ಈಗ ನೀವು ಸುತ್ತು ಹಾಕಿದ ತಿಳಿನೀರಿನ ಕೆರೆಗಳೆಲ್ಲ ಅಗೆದು ಬಿಟ್ಟ ಗಣಿಗುಂಡಿಗಳು. ಅಂದ ಹಾಗೆ, ಕಯೂನಾ ಅನ್ನುವ ಹೆಸರು ಅಲ್ಲಿ ಅದಿರು ಹುಡುಕಿದ ಕಯ್ಲರ್ ಆಡಮ್ಸ್ ಮತ್ತು ಅವನ ನಾಯಿ ಊನಾ, ಇಬ್ಬರದೂ ಸೇರಿ ಆದದ್ದು.

ಚೈನಿಗೆ ಆ ಧೂಳು ಅರದ ಕೆಲಸ ಮಾಡುತ್ತದೆ. ಎಣ್ಣೆ ಜೊತೆ ಬೆರೆತರೆ ಇನ್ನೂ ಕೆಟ್ಟದು. ಹಾಗಂತ ನೀರನ್ನು ಜೋರಾಗಿ ಬಿಡಬೇಡಿ, ಬೇರಿಂಗ್ ಒಳಗೆ ನುಗ್ಗುತ್ತದೆ. ಮೊದಲು ಒಣ ಬ್ರಷ್‌ನಿಂದ ಉಜ್ಜಿ. ಆಮೇಲೆ ಚೈನನ್ನು ಜಿಡ್ಡು ತೆಗೆಯುವ ಡೀಗ್ರೀಸರ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಒಂದೊಂದು ಕೊಂಡಿಗೂ ಒಂದೊಂದೇ ತೊಟ್ಟು ಎಣ್ಣೆ ಬಿಡಿ. ಹೊರಗೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಬಟ್ಟೆ ಹಳೇದಿರಲಿ, ಆ ಸಾಕ್ಸೇ ಆದೀತು.