ಕಸ ಹುಟ್ಟುವ ಜಾಗಕ್ಕೆ ಹೋಗಿ

ಓದುಗರ ಪತ್ರ: ನಾನು ದೊಡ್ಡ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಈ ವರ್ಷ ನಮ್ಮಲ್ಲಿ ಎಲ್ಲ ಕಡೆ ನಾಲ್ಕು ಬಣ್ಣದ ಡಬ್ಬಿ ಇಟ್ಟಿದ್ದಾರೆ. ಲೋಹದ ಚೂರು, ರಟ್ಟು, ಪ್ಲಾಸ್ಟಿಕ್ ಎಲ್ಲವೂ ಬೇರೆಯಾಗಿ ಮರುಬಳಕೆಗೆ ಹೋಗುತ್ತವೆ. ಆದರೂ ಕಸ ಕಡಿಮೆಯಾಗಿಲ್ಲ. ನಮ್ಮಂಥ ಸಾಮಾನ್ಯ ನೌಕರರು ಇನ್ನೇನು ಮಾಡಲು ಸಾಧ್ಯ?

ಸಂಪಾದಕರ ಉತ್ತರ:

ಡಬ್ಬಿ ಇಟ್ಟಿದ್ದು ಒಳ್ಳೆಯದೇ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯುವ ಬದಲು ಹಳೆಯದನ್ನು ಕರಗಿಸಿದರೆ ಸುಮಾರು 95% ಶಕ್ತಿ ಉಳಿಯುತ್ತದೆ. ಅದು ಸಣ್ಣ ಮಾತಲ್ಲ.

ಆದರೆ ನಿಮ್ಮ ಒಂದು ಪದದ ಬಗ್ಗೆ ನನಗೆ ತಕರಾರಿದೆ. ಕರಗಿಸಲು ಕಳಿಸುವುದನ್ನು ನೀವು 'ಮರುಬಳಕೆ' ಎಂದು ಬರೆದಿದ್ದೀರಿ. ಪತ್ರಿಕೆಗಳಲ್ಲಿ ನಾವೂ ಹಾಗೇ ಬರೆಯುತ್ತೇವೆ, ತಪ್ಪು ನಿಮ್ಮೊಬ್ಬರದಲ್ಲ. ಇದ್ದ ವಸ್ತುವನ್ನು ಇದ್ದ ಹಾಗೇ ಮತ್ತೆ ಬಳಸುವುದು ಬೇರೆ. ಒಡೆದು, ಕರಗಿಸಿ, ಮತ್ತೆ ಎರಕ ಹೊಯ್ಯುವುದು ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರಿಂದ ಮೊದಲನೆಯದು ಮರೆತೇ ಹೋಯಿತು. ಲೋಹ ಕೆರೆಯುವ ಲೇತ್ ಯಂತ್ರದಿಂದ ಸುರುಳಿ ಸುರುಳಿಯಾಗಿ ಬೀಳುವ ಚೂರನ್ನು ನೀವು ದಿನಾ ನೋಡುತ್ತೀರಿ ಅಲ್ವಾ? ಅದರ ಮೈಗೆಲ್ಲ ಕೂಲೆಂಟ್, ಅಂದರೆ ಕೆರೆಯುವಾಗ ತಂಪಿಗೆ ಸುರಿಯುವ ದ್ರವ, ಅಂಟಿರುತ್ತದೆ. ತೆಳ್ಳಗಿರುವುದರಿಂದ ಕುಲುಮೆಯಲ್ಲಿ ಒಂದಷ್ಟು ಸುಟ್ಟೇ ಹೋಗುತ್ತದೆ. ಎರಕದ ಅಚ್ಚಿನ ಅಳತೆ ಮೊದಲೇ ಸರಿಮಾಡಿದ್ದರೆ ಅಷ್ಟು ಲೋಹವನ್ನು ಕೆರೆದು ತೆಗೆಯುವ ಅಗತ್ಯವೇ ಇರುತ್ತಿರಲಿಲ್ಲ.

ನಾನು ಇದನ್ನು ಕಲಿತದ್ದು ಮುದ್ರಣಾಲಯದಲ್ಲಿ. ಬಣ್ಣ ಹೊಂದುವವರೆಗೆ ಒಂದಷ್ಟು ಹಾಳೆ ಹಾಳಾಗಲೇಬೇಕು. ನಮ್ಮ ಹಿರಿಯ ಮಷಿನ್‌ಮ್ಯಾನ್ ಅವನ್ನು ಎಸೆಯುತ್ತಿರಲಿಲ್ಲ. ಅಂಚು ತಟ್ಟಿ, ನೇರ ಮಾಡಿ, ಪಕ್ಕಕ್ಕಿಡುತ್ತಿದ್ದರು. ಮುಂದಿನ ಕೆಲಸಕ್ಕೆ ಬಣ್ಣ ಹೊಂದಿಸುವಾಗ ಅದೇ ಹಾಳೆ ಮತ್ತೆ ಮಷಿನ್‌ಗೆ. ಒಂದು ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ. ಮೊದಲು ಒಂದು ಮದುವೆ ಕರೆಯೋಲೆ, ಅದರ ಮೇಲೆ ಔಷಧಿ ಡಬ್ಬಿಯ ಲೇಬಲ್, ಅದರ ಮೇಲೆ ನಮ್ಮದೇ ಮುಖಪುಟ. ಕೊನೆಗೆ ಕಪ್ಪಾಗಿ ಏನೂ ಕಾಣದಂತಾದ ಮೇಲೇ ರದ್ದಿಗೆ ಹೋಗುತ್ತಿತ್ತು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ 'ಸಾಮಾನ್ಯ ನೌಕರರು ಏನು ಮಾಡಲು ಸಾಧ್ಯ' ಎಂಬ ಮಾತು ನಿಮಗೆ ಒಪ್ಪುವಂಥದ್ದಲ್ಲ. ಕಸ ಹುಟ್ಟುವ ಜಾಗದಲ್ಲಿ ನಿಂತಿರುವವರೇ ನೀವು. ಅಮೆರಿಕದ 3ಎಂ ಕಂಪನಿ 1975ರಲ್ಲಿ ಮಾಲಿನ್ಯವನ್ನು ಮೂಲದಲ್ಲೇ ತಡೆಯುವ ಯೋಜನೆ ಶುರುಮಾಡಿದಾಗ ನೆಚ್ಚಿಕೊಂಡದ್ದು ಸ್ವಂತ ನೌಕರರ ಸಲಹೆಗಳನ್ನೇ. ಜಪಾನಿನ ಕಾರು ಕಂಪನಿ ಟೊಯೋಟಾದ ಎಂಜಿನಿಯರ್ ತೈಚಿ ಓನೊ ಏಳು ಬಗೆಯ ಪೋಲನ್ನು ಪಟ್ಟಿ ಮಾಡಿದರು. ಅದರಲ್ಲಿ ಅತಿ ಕೆಟ್ಟದ್ದು ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುವುದು ಅಂದರು. ಯಾವ ಬಣ್ಣದ ಡಬ್ಬಿಗೂ ಅದು ಬೀಳುವುದಿಲ್ಲ ನೋಡಿ. ಗೋಡೌನಿನಲ್ಲಿ ಸುಮ್ನೆ ಕೂತಿರುತ್ತದೆ. ತಗಡನ್ನು ಯಂತ್ರದಲ್ಲಿ ಒತ್ತಿ ಕಾರಿನ ಬಾಗಿಲು ಮಾಡುವಾಗ ಕಿಟಕಿಯ ಜಾಗದಲ್ಲಿ ಅಗಲವಾದ ತಗಡಿನ ತುಂಡು ಉಳಿಯುತ್ತದೆ. ಕೆಲವು ಕಾರ್ಖಾನೆಗಳಲ್ಲಿ ಅದರಲ್ಲೇ ಸಣ್ಣ ಬ್ರಾಕೆಟ್ ಒತ್ತುತ್ತಾರೆ. ಒಳಗೆ ಉಪಯೋಗಕ್ಕೆ ಬಾರದ್ದು ಪಕ್ಕದವರಿಗೆ ಬೇಕಾಗಬಹುದು. ಡೆನ್ಮಾರ್ಕಿನ ಕಲುಂಡ್‌ಬೋರ್ಗ್‌ನಲ್ಲಿ ತೈಲ ಶುದ್ಧೀಕರಣ ಘಟಕದಲ್ಲಿ ಉಳಿಯುತ್ತಿದ್ದ ಅನಿಲ 1972ರಿಂದಲೇ ಜಿಪ್ಸಂ ಹಲಗೆ ಮಾಡುವ ಕಾರ್ಖಾನೆಯ ಒಲೆ ಉರಿಸಿತು. ಮುಂದೆ ವಿದ್ಯುತ್ ಸ್ಥಾವರದ ಹೊಗೆ ತೊಳೆದಾಗ ಸಿಕ್ಕ ಜಿಪ್ಸಂ ಕೂಡ ಅದೇ ಕಾರ್ಖಾನೆಗೆ ಹಲಗೆ ಮಾಡಲು ಹೋಯಿತು.

ನನ್ನ ಸಿಟ್ಟು ಖರೀದಿ ವಿಭಾಗದ ಲೆಕ್ಕದ ಮೇಲೆ. ಒಂದೇ ಸಲ ಬಳಸುವ ಪ್ಯಾಕಿಂಗ್ ಅಗ್ಗ ಎಂದು ತರಿಸುತ್ತಾರೆ. ಆಮೇಲೆ ಅದನ್ನು ಕಸವಾಗಿ ಸಾಗಿಸುವ ಖರ್ಚು ಇನ್ನೊಂದು ವಿಭಾಗದ ಪುಸ್ತಕದಲ್ಲಿ. ಸ್ಕ್ರಾಪ್ ಮಾರಿದ ಹಣವನ್ನು ಆದಾಯ ಅಂತ ತೋರಿಸುತ್ತಾರೆ. ಒಳ್ಳೆ ಬೆಲೆ ಕೊಟ್ಟು ತಂದ ತಗಡು ಅದು! ಸ್ಕ್ರೂ ಹಾಕಬಹುದಾದಲ್ಲಿ ಅಂಟು ಹಾಕಿ, ಮನೆಯಲ್ಲಿ ಯಾರೂ ರಿಪೇರಿ ಮಾಡದಂಥ ಸಾಮಾನು ಮಾಡುವುದೂ ಇದೇ ಲೆಕ್ಕದಿಂದಲೇ.

ಒಂದು ಕೆಲಸ ಮಾಡಿ. ಒಂದು ಪಾಳಿ ಮುಗಿದ ಮೇಲೆ ನಿಮ್ಮ ಲೈನಿನ ಡಬ್ಬಿಯನ್ನು ನೆಲಕ್ಕೆ ಸುರಿಸಿ. ಪ್ರತಿ ತುಂಡೂ ಯಾವ ಮಷಿನ್‌ನಿಂದ ಬಂತು, ಯಾಕೆ ಬಂತು ಎಂದು ಹುಡುಗರ ಜೊತೆ ಕೂತು ಬರೆಯಿರಿ. ಆ ಹಾಳೆಯನ್ನು ನನಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.