ಟಿಬೆಟ್ ಕೆಳಗಿನ ತೊಗಟೆಯ ದಪ್ಪ ಗೊತ್ತಾಗುವುದು ಹೇಗೆ?

ಕೊರೆದೇ ನೋಡದೆ ಟಿಬೆಟ್ ಪ್ರಸ್ಥಭೂಮಿಯ ತೊಗಟೆ, ಅಂದರೆ ಭೂಮಿಯ ಗಟ್ಟಿ ಹೊರಪದರ, ಸುಮಾರು 70 ಕಿ.ಮೀ. ದಪ್ಪ ಅಂತ ಹೇಗೆ ಹೇಳುತ್ತಾರೆ ಎಂದು ಕೇಳಿದ್ದೀರಿ. ಕೊರೆಯುವ ಮಾತು ಬಿಡಿ. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರೂ 12 ಕಿ.ಮೀ. ಚಿಲ್ಲರೆ ದಾಟಲಿಲ್ಲ.

ಮುಖ್ಯ ಆಧಾರ ದೂರದ ಭೂಕಂಪಗಳು. ಅವುಗಳಿಂದ ಹೊರಟು ಕೆಳಗಿನಿಂದ ಬರುವ ಪಿ ಅಲೆಯ (ಕಲ್ಲನ್ನು ಹಿಂದೆಮುಂದೆ ಒತ್ತುತ್ತಾ ಸಾಗುವ ಕಂಪನ) ಒಂದು ಪಾಲು ತೊಗಟೆಯ ತಳದಲ್ಲಿ, ಅಂದರೆ ಮೋಹೋದಲ್ಲಿ, ಎಸ್ ಅಲೆಯಾಗಿ (ಅಡ್ಡಡ್ಡ ಅಲುಗಾಡಿಸುವ ಕಂಪನ) ಬದಲಾಗುತ್ತದೆ. ಎಸ್ ನಿಧಾನ, ಹಾಗಾಗಿ ತಡವಾಗಿ ಬರುತ್ತದೆ. ಸಾಮಾನ್ಯ ಖಂಡದಲ್ಲಿ ಈ ಅಂತರ ಸುಮಾರು 4 ಸೆಕೆಂಡು. ಟಿಬೆಟ್‌ನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು! ಆದರೆ ಸೆಕೆಂಡನ್ನು ಕಿಲೋಮೀಟರ್ ಮಾಡಲು ಕಲ್ಲಿನಲ್ಲಿ ಅಲೆಯ ವೇಗ ಗೊತ್ತಿರಬೇಕು. ಅದು ತಪ್ಪಿದರೆ ದಪ್ಪವೂ ತಪ್ಪುತ್ತದೆ. ಸುಮ್ನೆ 70 ಅನ್ನುವ ಒಂದೇ ಅಂಕಿ ನಂಬಬೇಡಿ, ಜಾಗದಿಂದ ಜಾಗಕ್ಕೆ ಅದು ಬದಲಾಗುತ್ತದೆ.

ಸ್ಫೋಟಕ ಸಿಡಿಸಿ ಪ್ರತಿಧ್ವನಿ ಹಿಡಿಯುವ ವಿಧಾನವೂ ಇದೆ. ಟಿಬೆಟ್‌ನ ನೆಲದಾಳ ಅಧ್ಯಯನ ಮಾಡಲು 1992ರಲ್ಲಿ ಕೆಲಸ ಶುರುಮಾಡಿದ ಇಂಡೆಪ್ತ್ ಯೋಜನೆ ಹೀಗೇ ದಕ್ಷಿಣ ಟಿಬೆಟ್‌ನಲ್ಲಿ 15ರಿಂದ 20 ಕಿ.ಮೀ. ಆಳದಲ್ಲಿ ತುಂಬಾ ಜೋರಾದ ಪ್ರತಿಫಲನಗಳನ್ನು ಕಂಡಿತು. ನನಗಂತೂ ದಪ್ಪಕ್ಕಿಂತ ಇದೇ ಜಾಸ್ತಿ ಕುತೂಹಲದ ವಿಷಯ. ಅದು ಅರೆಕರಗಿದ ಕಲ್ಲು ಅಂತ ಕೆಲವರು, ಉಪ್ಪುನೀರು ಅಂತ ಇನ್ನು ಕೆಲವರು ವಾದಿಸಿದ್ದಾರೆ. ಎರಡೂ ವಿದ್ಯುತ್ ಹರಿಯಲು ಬಿಡುತ್ತವೆ, ಅದಕ್ಕೇ ನೆಲದಾಳದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಅಳತೆಯೊಂದರಿಂದಲೇ ಈ ಜಗಳ ಬಗೆಹರಿಯುವುದು ಕಷ್ಟ.